ಕ್ಯಾಪ್ಸೂಲ್ ಅಂದ್ರ ಡಬ್ಬಿ, ಔಷಧ ಅಲ್ರಿ

ನಿನ್ನೆ ಬಾಗಲಕೋಟಿ ಮಂದಿ ಇರೂ ನಮ್ಮ ಮನಿ ಗ್ರೂಪಿನ್ಯಾಗ ಮತ್ತ ಅದ ಮಾತು: "ಮಾವಗ ಕ್ಯಾಪ್ಸೂಲ್ ಎಂಡೋಸ್ಕೋಪಿ ಕೊಟ್ಟಾರ, ಇನ್ನ ಕರಳಿನ ಇನ್ಫೆಕ್ಷನ್ ಕಡಿಮಿ ಆಗತೈತಿ." ಕೊಡೂದಲ್ರಿ ಅದು, ಮಾಡೂದು: ಕ್ಯಾಮೆರಾ ಇರೂ ಸಣ್ಣ ಡಬ್ಬಿ ನುಂಗಸಿ ಕರಳಿನ ಒಳಗ ನೋಡೂ ಪರೀಕ್ಷೆ. ಮೂರನೇ ಸಲ ಇದನ್ನ ಓದಿದ್ದಕ್ಕ ಬರ್ಯಾಕ ಕುಂತೆ.

ತಪ್ಪು ಹುಟ್ಟೂದು 'ಕ್ಯಾಪ್ಸೂಲ್' ಅನ್ನೂ ಪದದಾಗ. ಲ್ಯಾಟಿನ್ನಿನ್ಯಾಗ ಕ್ಯಾಪ್ಸಾ ಅಂದ್ರ ಪೆಟ್ಟಿಗಿ, ಕ್ಯಾಪ್ಸುಲಾ ಅಂದ್ರ ಸಣ್ಣ ಪೆಟ್ಟಿಗಿ, ನಮ್ಮ ಮಾತಿನ್ಯಾಗ ಡಬ್ಬಿ. ಡಬ್ಬ್ಯಾಗ ಔಷಧ ತುಂಬಿದ್ರ ಮೆಡಿಕಲ್ ಅಂಗಡಿದು, ಕ್ಯಾಮೆರಾ ಲೈಟು ಬ್ಯಾಟರಿ ತುಂಬಿದ್ರ ಇದು, ಬಾಹ್ಯಾಕಾಶಕ್ಕ ಹೋದವ್ರು ಕುಂತು ವಾಪಸ್ ಬರೂದಕ್ಕೂ ಕ್ಯಾಪ್ಸೂಲ್ ಅಂತಾರಲ್ಲ, ಅದರಾಗ ಯಾವ ಔಷಧ ಐತಿ? ನಮ್ಮ ಕಡೆ ಟ್ಯಾಬ್ಲೆಟ್ಟಿಗೂ ಗುಳಿಗಿ, ಕ್ಯಾಪ್ಸೂಲಿಗೂ ಗುಳಿಗಿ, ಹಿಂಗಾಗಿ ನುಂಗಿದ್ದೆಲ್ಲಾ ಔಷಧ ಆಗಿಬಿಡತೈತಿ. ಎಂಡೋಸ್ಕೋಪಿ ಗ್ರೀಕ್ ಮೂಲದ್ದು, ಎಂಡೋನ್ ಅಂದ್ರ ಒಳಗ, ಸ್ಕೋಪೆಯಿನ್ ಅಂದ್ರ ನೋಡೂದು. ಹಿರ್ಯಾರು 'ದುರ್ಬೀನು ಬಿಟ್ಟು ನೋಡ್ಯಾರ' ಅಂತಿದ್ರು. ದುರ್ಬೀನು ಫಾರ್ಸಿ, ದೂರದ್ದನ್ನ ನೋಡೂದು. 'ದೂರ' ಅನ್ನೂದರ ಜಾಗದಾಗ 'ಒಳಗ' ಬಂತು ಖರೆ, 'ನೋಡೂದು' ಅನ್ನೂದನ್ನ ಅವ್ರು ಕೈಬಿಟ್ಟಿರಲಿಲ್ಲ.

ಬಾಯಿಂದ ಬಿಟ್ಟ ಸಾದಾ ಪೈಪು ಸಣ್ಣ ಕರಳಿನ ಸುರು ಭಾಗ ಮುಟ್ಟತೈತಿ, ಕೆಳಗಿಂದ ಬಿಟ್ಟದ್ದು ಅದರ ಕಡೀ ತುದಿ, ನಡುವಿನ ಮೀಟರ್‌ಗಟ್ಟಲೆ ಕರಳು ಹಂಗ ಉಳೀತೈತಿ. ಅಲ್ಲಿಗೆ ಹೋಗೂದು ಈ ಡಬ್ಬಿ. 2001ರಾಗ ಅಮೆರಿಕದಾಗ ಒಪ್ಪಿಗಿ ಸಿಕ್ಕದ್ದು, ಸುಮಾರು 26 ಮಿಲಿಮೀಟರ್ ಉದ್ದ, 11 ದಪ್ಪ, ಸುಮಾರು 8 ತಾಸು ಫೋಟೋ ತಕ್ಕೊಂತ ಹೋಗಿ ಸಂಡಾಸದಾಗ ಹೊರಗ ಬೀಳತೈತಿ.

ಇನ್ಫೆಕ್ಷನ್ ಇದ್ದಾಗ ಈ ಡಬ್ಬಿ ಏನು ಮಾಡತೈತಿ ಅನ್ನೂದಕ್ಕ ಒಂದು ಉದಾಹರಣಿ: ಕರಳಿಗೆ ಬರೂ ವಿಪಲ್ ರೋಗ ಅಂತೈತಿ, ಬ್ಯಾಕ್ಟೀರಿಯಾದ್ದು, ಭಾಳ ಅಪರೂಪ. ಅದರಾಗ ಕರಳಿನ ಒಳಗಿನ ಪದರ ಬಿಳಿ-ಹಳದಿ ಚುಕ್ಕಿಚುಕ್ಕಿ ಆಗಿ ಕಾಣಬಹುದು. ಕೊಕ್ಕಿಹುಳ ಇದ್ರ ಹುಳಾನ ಕಾಣಬಹುದು. ಆದ್ರ ಚುಕ್ಕಿ ಕಂಡ್ರ ರೋಗ ಪಕ್ಕಾ ಆಗಂಗಿಲ್ಲ, ಕರಳಿನ ಚೂರು ತಗದು ಬಯಾಪ್ಸಿ ಮಾಡಬೇಕು, ಆ ಕೆಲಸ ಡಬ್ಬಿಗೆ ಬರಂಗಿಲ್ಲ, ಎಲ್ಲಿಂದ ತಗೀಬೇಕು ಅಂತ ಜಾಗ ತೋರಸತೈತಿ ಅಷ್ಟ. ಗುಣ ಮಾಡೂದು ತಿಂಗಳುಗಟ್ಟಲೆ ತಗೊಳ್ಳೂ ಆಂಟಿಬಯೋಟಿಕ್; ಆಮ್ಯಾಲೆ ಇನ್ನೊಂದು ಡಬ್ಬಿ ನುಂಗಸಿ ಪದರ ಸುದಾರಿಸೇತೇನು ಅಂತ ನೋಡಿದ್ರ ಅದು ಮಾನಿಟರಿಂಗ್, ಅಂದ್ರ ನಿಗಾ ಇಡೂದು, ಚಿಕಿತ್ಸೆ ಅಲ್ಲ.

ನಮ್ಮ ದೇಶದಾಗ ಕರಳಿನ ಟಿಬಿ ಅಪರೂಪ ಅಲ್ಲ, ಅದರಾಗ ಕರಳು ಇಕ್ಕಟ್ಟಾಗಿ ಡಬ್ಬಿ ಅಲ್ಲೇ ಸಿಕ್ಕಿಬೀಳಬಹುದು. ಅದಕ್ಕ ಡೌಟ್ ಇದ್ರ ಮೊದಲ ಸ್ಕ್ಯಾನ್ ಮಾಡತಾರ, ಇಲ್ಲಾ ಒಳಗ ತಾನ ಕರಗೂ ಡಮ್ಮಿ ಡಬ್ಬಿ ನುಂಗಸತಾರ. ಖರೇ ಡಬ್ಬಿ ಹೊರಗ ಬಿದ್ದದ್ದು ಖಾತ್ರಿ ಆಗೂತನಕ ಎಂಆರ್‌ಐ ಮಾಡಸಬ್ಯಾಡ್ರಿ.