ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಮರಳಿ ಬರಬೇಕಾದ ಕಾಯಿಲೆ

ಮೂತ್ರ ಕೆಂಪಗೆ ಹೋದರೆ ನಮ್ಮಲ್ಲಿ ಮೊದಲು ಬರುವ ಮಾತು ‘ಉಷ್ಣ ಆಗಿದೆ’. ಎಳನೀರು, ಬಾರ್ಲಿ ನೀರು ಕುಡಿದು ಎರಡು ದಿನ ಕಳೆಯುವಷ್ಟರಲ್ಲಿ ಬಣ್ಣ ತಿಳಿಯಾಗುತ್ತದೆ, ವಿಷಯ ಮರೆತುಹೋಗುತ್ತದೆ. ಮೂತ್ರಕೋಶದ ಕ್ಯಾನ್ಸರ್ ಮೋಸ ಮಾಡುವುದೇ ಹೀಗೆ. ನೋವಿಲ್ಲದೆ ರಕ್ತ ಬರುತ್ತದೆ, ತಾನಾಗಿ ನಿಲ್ಲುತ್ತದೆ, ವಾರಗಳ ನಂತರ ಮತ್ತೆ ಕಾಣಿಸಿಕೊಳ್ಳುತ್ತದೆ. ಹೆಂಗಸರಲ್ಲಿ ಸೋಂಕು ಎಂದುಕೊಂಡು ಆಂಟಿಬಯಾಟಿಕ್ ಮೇಲೆ ಆಂಟಿಬಯಾಟಿಕ್ ನುಂಗುವುದರಲ್ಲಿ ತಿಂಗಳುಗಳು ಜಾರಿಹೋಗುವುದುಂಟು.

ಈ ಕಾಯಿಲೆಯ ಒಂದು ಕಾರಣ ಶತಮಾನದ ಹಿಂದೆಯೇ ಗೊತ್ತಾಗಿತ್ತು. 1895ರಲ್ಲಿ ಫ್ರಾಂಕ್‌ಫರ್ಟ್‌ನ ಶಸ್ತ್ರವೈದ್ಯ ಲುಡ್ವಿಗ್ ರೇನ್ ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಇದನ್ನು ಗುರುತಿಸಿದರು. ಅಲ್ಲಿನ ರಾಸಾಯನಿಕಗಳ ಬಳಗಕ್ಕೆ ಸೇರಿದವು ಬೀಡಿ, ಸಿಗರೇಟಿನ ಹೊಗೆಯಲ್ಲೂ ಇವೆ. ರಕ್ತಕ್ಕೆ ಸೇರಿದ ವಿಷವನ್ನು ಮೂತ್ರಪಿಂಡ ಸೋಸಿ ಕಳಿಸುತ್ತದೆ, ಅದು ಮೂತ್ರಕೋಶದ ಒಳಪದರಕ್ಕೆ ಗಂಟೆಗಟ್ಟಲೆ ತಾಗಿ ನಿಲ್ಲುತ್ತದೆ. ಹೊಗೆ ಎಳೆಯುವುದು ಶ್ವಾಸಕೋಶಕ್ಕಾದರೂ ಪೆಟ್ಟು ಇಲ್ಲಿಗೂ ಬೀಳುತ್ತದೆ.

ಕಾರಣ ತಿಳಿದರೂ ರೋಗಿಗಳ ಪರವಾಗಿ ಮಾತಾಡುವವರು ಹುಟ್ಟಿಕೊಳ್ಳಲು ಬಹಳ ತಡವಾಯಿತು. ಉಚ್ಚೆಯ ವಿಷಯವನ್ನು ಮನೆಯಲ್ಲೇ ಬಾಯಿಬಿಟ್ಟು ಹೇಳಲು ಸಂಕೋಚ, ಇನ್ನು ವೇದಿಕೆಯ ಮೇಲೆ ಹೇಳುವವರು ಯಾರು? ಅಮೆರಿಕದಲ್ಲೇ ಈ ಕಾಯಿಲೆಗೆಂದು ಮೊದಲ ರಾಷ್ಟ್ರಮಟ್ಟದ ಸಂಸ್ಥೆ ಬಂದದ್ದು 2005ರಲ್ಲಿ. ಅದನ್ನು ಕಟ್ಟಿದವರು ಸ್ವತಃ ರೋಗಿಯಾಗಿದ್ದ ಜಾನ್ ಕ್ವೇಲ್ ಮತ್ತು ಅವರ ಪತ್ನಿ ಡಯೇನ್. ಹೆಸರು ‘ಬ್ಲಾಡರ್ ಕ್ಯಾನ್ಸರ್ ಅಡ್ವೊಕಸಿ ನೆಟ್‌ವರ್ಕ್’, ಚಿಕ್ಕದಾಗಿ ಬಿಕ್ಯಾನ್. ಜಾನ್ 2008ರಲ್ಲಿ ತೀರಿಕೊಂಡರು, ಸಂಸ್ಥೆ ಬೆಳೆಯಿತು.

ಸಂಶೋಧನೆಗೆ ಅದು ಹಿಡಿದ ದಾರಿ ಗಮನಿಸಬೇಕಾದದ್ದು. ದೊಡ್ಡ ಔಷಧ ಕಂಪನಿಗಳ ಮಟ್ಟದ ಹಣ ಇಂಥ ಸಂಸ್ಥೆಗಳ ಕೈಯಲ್ಲಿರುವುದಿಲ್ಲ. ಹಾಗಾಗಿ ಇದೇ ಕಾಯಿಲೆಯ ಮೇಲೆ ಕೆಲಸ ಆರಂಭಿಸುವ ಯುವ ವಿಜ್ಞಾನಿಗಳಿಗೆ ಅನುದಾನ ಕೊಟ್ಟು ಅವರನ್ನು ಈ ಕ್ಷೇತ್ರದಲ್ಲೇ ಉಳಿಸಿಕೊಳ್ಳುವ ಕೆಲಸ ಮಾಡಿತು. 2006ರಿಂದ ವೈದ್ಯರು, ವಿಜ್ಞಾನಿಗಳು, ರೋಗಿಗಳು ಒಂದೇ ಕಡೆ ಕೂರುವ ವಾರ್ಷಿಕ ಸಭೆ ಶುರುವಾಯಿತು. ‘ನಿಮಗೆ ಯಾವ ಪ್ರಶ್ನೆಗೆ ಉತ್ತರ ಬೇಕು’ ಎಂದು ರೋಗಿಗಳನ್ನೇ ಕೇಳಿದರು. ಔಷಧ ಹಾಕಿದರೂ ಮತ್ತೆ ಮತ್ತೆ ಗಡ್ಡೆ ಬಂದಾಗ ಮೂತ್ರಕೋಶ ತೆಗೆಸಿಬಿಡುವುದೋ, ಇನ್ನೊಂದು ಔಷಧ ನೋಡುವುದೋ ಎಂಬ ಪ್ರಶ್ನೆ ‘ಸಿಸ್ಟೊ’ ಎಂಬ ಅಧ್ಯಯನವಾದದ್ದು ಹೀಗೆ. ನಮ್ಮ ದೃಷ್ಟಿಯಲ್ಲಿ ಹಣಕ್ಕಿಂತ ದೊಡ್ಡ ಕೊಡುಗೆ ಇದೇ.

ಇನ್ನು ಆ ಔಷಧದ ಕಥೆ. ಕ್ಷಯಕ್ಕೆಂದು ಮಕ್ಕಳ ತೋಳಿಗೆ ಹಾಕುವ ಬಿಸಿಜಿಯನ್ನು ಮೂತ್ರಕೋಶದೊಳಗೆ ಬಿಟ್ಟರೆ ಗಡ್ಡೆ ಮರುಕಳಿಸುವುದು ಕಡಿಮೆಯಾಗುತ್ತದೆ ಎಂದು ಕೆನಡಾದ ಅಲ್ವಾರೊ ಮೊರಾಲೆಸ್ 1976ರಲ್ಲಿ ಪ್ರಕಟಿಸಿದರು. ಇಂದಿಗೂ ಅಪಾಯ ಹೆಚ್ಚಿರುವ ಮೇಲ್ಪದರದ ಗಡ್ಡೆಗೆ ಅದೇ ಮುಖ್ಯ ಚಿಕಿತ್ಸೆ. 2012ರಲ್ಲಿ ಟೊರೊಂಟೊದ ಕಾರ್ಖಾನೆಯೊಂದು ನಿಂತು ಜಗತ್ತಿನಾದ್ಯಂತ ಕೊರತೆಯಾಯಿತು. 2019ರಲ್ಲಿ ಅಮೆರಿಕದ ಮೂತ್ರರೋಗ ತಜ್ಞರ ಸಂಘಗಳ ಜೊತೆ ಕೂತು, ಇರುವ ಔಷಧವನ್ನು ಯಾರಿಗೆ ಮೊದಲು ಕೊಡಬೇಕು, ಒಂದು ಸೀಸೆಯನ್ನು ಹೇಗೆ ಹಂಚಬೇಕು ಎಂಬ ಸೂಚನೆಗಳಿಗೆ ಬಿಕ್ಯಾನ್ ಕೂಡ ಸಹಿ ಹಾಕಿತು. ನಮ್ಮಲ್ಲಿ ಪುಣೆಯ ಸೀರಂ ಸಂಸ್ಥೆ 40 ಮಿಲಿಗ್ರಾಂ ಸೀಸೆಯಲ್ಲಿ ಇದನ್ನು ತಯಾರಿಸುತ್ತದೆ.

ಬಿಸಿಜಿ ಹಾಕುವುದು ಗಡ್ಡೆ ಕೆತ್ತಿ ತೆಗೆದ ಎರಡು ಮೂರು ವಾರಗಳ ಬಳಿಕ, ವಾರಕ್ಕೊಂದರಂತೆ ಆರು ಸಲ. ಆ ಬೆಳಗ್ಗೆ ನೀರು, ಕಾಫಿ ಕಡಿಮೆ ಕುಡಿದಿರಬೇಕು. ತೆಳುವಾದ ನಳಿಕೆಯಿಂದ ಸುಮಾರು 50 ಮಿಲಿಲೀಟರ್ ದ್ರಾವಣ ಒಳಗೆ ಬಿಡುತ್ತಾರೆ, ಎರಡು ಗಂಟೆ ತಡೆಹಿಡಿಯಬೇಕು. ಆ ದಿನ ಮೂತ್ರದಲ್ಲಿ ರಕ್ತ ಕಂಡರೆ, ಸೋಂಕಿದ್ದರೆ, ನಳಿಕೆ ಹಾಕುವಾಗ ಗಾಯವಾದರೆ ಮುಂದಕ್ಕೆ ಹಾಕಬೇಕು. ಬಿಸಿಜಿಯಲ್ಲಿರುವ ಜೀವಂತ ರೋಗಾಣು ರಕ್ತಕ್ಕೆ ಸೇರುವ ಅಪಾಯವಿದೆ. ಆಮೇಲಿನ ಆರು ಗಂಟೆ ಗಂಡಸರೂ ಕೂತೇ ಮೂತ್ರ ಮಾಡಬೇಕು, ಶೌಚದ ಗುಂಡಿಗೆ ಬ್ಲೀಚ್ ಸುರಿದು ಕಾಲು ಗಂಟೆ ಬಿಟ್ಟು ನೀರು ಹಾಕಬೇಕು. ಒಂದೆರಡು ದಿನ ಉರಿ, ಸಣ್ಣ ಜ್ವರ ಸಹಜ, 38.5 ಡಿಗ್ರಿ ದಾಟಿ ಇಳಿಯದ ಜ್ವರಕ್ಕೆ ಪ್ಯಾರಾಸಿಟಮಾಲ್ ನುಂಗಿ ಮಲಗಿದರೆ ಸಾಲದು, ಆಸ್ಪತ್ರೆಗೆ ಹೋಗಬೇಕು.

ಕಾಗದದ ಮೇಲೆ ಸುಲಭ. ರಾಯಚೂರಿನಿಂದ ರಾತ್ರಿ ರೈಲು ಹಿಡಿದು ಬೆಂಗಳೂರಿನ ಹೊಸೂರು ರಸ್ತೆಯ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಬಂದವರಿಗೆ ಆ ಎರಡು ಗಂಟೆ ಎಲ್ಲಿ ಕಳೆಯುವುದು? ಔಷಧ ಹಾಕಿಸಿಕೊಂಡು ಬಸ್ಸು ಹತ್ತಿದರೆ ಊರಿನ ಟ್ರಾಫಿಕ್ ದಾಟುವುದರೊಳಗೆ ತಡೆಯಲಾಗದು. ಹತ್ತು ಮಂದಿಗೊಂದು ಶೌಚಾಲಯವಿರುವ ಲಾಡ್ಜಿನಲ್ಲಿ ಬ್ಲೀಚ್ ಹಾಕಿ ಕಾಯುವುದೆಂತು? ಆಸ್ಪತ್ರೆಯ ಬಳಿ ಕೂರಲು ಜಾಗ, ರಾತ್ರಿಗೆ ಧರ್ಮಶಾಲೆಯಲ್ಲಿ ಹಾಸಿಗೆ, ಕೈಗೊಂದು ಬ್ಲೀಚ್ ಬಾಟಲಿ: ಬೆಂಗಳೂರಿನಲ್ಲಿ ಸ್ವಯಂಸೇವಾ ಸಂಸ್ಥೆಯೊಂದು ಮಾಡಬಹುದಾದ ಅತಿ ದೊಡ್ಡ ಸಹಾಯ ಇಷ್ಟು ಚಿಕ್ಕದು.

ಮೂತ್ರಕೋಶವನ್ನೇ ತೆಗೆದವರ ಬಾಳು ಬೇರೆ. 1950ರಲ್ಲಿ ಯೂಜಿನ್ ಬ್ರಿಕರ್ ರೂಢಿಗೆ ತಂದ ವಿಧಾನದಲ್ಲಿ ಸಣ್ಣ ಕರುಳಿನ ತುಂಡಿನ ಮೂಲಕ ಮೂತ್ರ ಹೊರಬರಲು ಹೊಟ್ಟೆಯ ಮೇಲೊಂದು ಬಾಯಿ, ಅಂದರೆ ಸ್ಟೋಮಾ, ಅದರ ಮೇಲೆ ಅಂಟಿಸಿದ ಚೀಲ. ಇಂಥವರ ನೆರವಿಗೆ ಮುಂಬೈನಲ್ಲಿ 1975ರಲ್ಲೇ ಆಸ್ಟಮಿ ಅಸೋಸಿಯೇಷನ್ ಹುಟ್ಟಿತು. ಶಸ್ತ್ರಚಿಕಿತ್ಸೆಗೆ ಮುಂಚೆಯೇ ರೋಗಿಯನ್ನು ಕೂರಿಸಿ, ನಿಲ್ಲಿಸಿ, ಬಗ್ಗಿಸಿ ನೋಡಿ ಜಾಗ ಗುರುತು ಹಾಕಬೇಕು. ಪಂಚೆಯ ಗಂಟು, ಸೀರೆಯ ನೆರಿಗೆ ಬೀಳುವ ಕಡೆ ಸ್ಟೋಮಾ ಬಂದರೆ ಜೀವನಪೂರ್ತಿ ಸೋರಿಕೆ. ಅಂಗಡಿಯಲ್ಲಿ ಮಲಕ್ಕೆ ಬಳಸುವ ಚೀಲ ಕೊಟ್ಟು ಕಳಿಸುವುದೂ ಉಂಟು. ಮೂತ್ರದ ಚೀಲಕ್ಕೆ ಕೆಳಗೆ ನಲ್ಲಿ, ಒಳಗೆ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ ಇರಲೇಬೇಕು. ಅಂಟು ತಟ್ಟೆಯ ರಂಧ್ರ ಸ್ಟೋಮಾಗಿಂತ 2–3 ಮಿಲಿಮೀಟರ್ ಮಾತ್ರ ದೊಡ್ಡದಿರಲಿ. ಮೊದಲ ಆರೆಂಟು ವಾರ ಸ್ಟೋಮಾ ಕುಗ್ಗುತ್ತಾ ಹೋಗುತ್ತದೆ, ಹಳೆಯ ಅಳತೆಯಲ್ಲೇ ಕತ್ತರಿಸಿದರೆ ಬಯಲಾದ ಚರ್ಮ ಸುಡುತ್ತದೆ. ಚೀಲ ಬದಲಿಸಲು ಬೆಳಗ್ಗೆ ಏನೂ ಕುಡಿಯುವ ಮುಂಚಿನ ಹೊತ್ತು ಒಳ್ಳೆಯದು. ಎಣ್ಣೆ ಸವರಿದ ಚರ್ಮಕ್ಕೆ ಅಂಟು ಹಿಡಿಯದು. ಮೂತ್ರದಲ್ಲಿ ಬಿಳಿ ಲೋಳೆ ಕಂಡು ಹೆದರಬೇಕಿಲ್ಲ, ಅದು ಕರುಳಿನ ಸ್ವಭಾವ.

ಕೊನೆಯ ಹಂತ ತಲುಪಿದವರಿಗೆ ಮಾರತ್ತಹಳ್ಳಿ ಬಳಿಯ ಕರುಣಾಶ್ರಯ 1999ರಿಂದ ಉಚಿತ ಆರೈಕೆ ಕೊಡುತ್ತಿದೆ.

ಆದರೆ ನಾಲ್ವರಲ್ಲಿ ಮೂವರ ಗಡ್ಡೆ ಮೂತ್ರಕೋಶದ ಗೋಡೆಯ ಸ್ನಾಯುವಿಗೆ ಇಳಿಯುವ ಮೊದಲೇ ಸಿಗುತ್ತದೆ. ಇವರಲ್ಲಿ ಹಲವರಿಗೆ ಅದು ಮತ್ತೆ ಬರುತ್ತದೆ. ಅದಕ್ಕೇ ಮೂರನೇ ತಿಂಗಳ ಸಿಸ್ಟೊಸ್ಕೊಪಿ, ಅಂದರೆ ನಳಿಕೆಯಿಂದ ಮೂತ್ರಕೋಶದ ಒಳಗನ್ನು ನೋಡುವ ತಪಾಸಣೆ, ತಪ್ಪಬಾರದು. ಅಪಾಯ ಹೆಚ್ಚಿದ್ದರೆ ಎರಡು ವರ್ಷ ಮೂರು ತಿಂಗಳಿಗೊಮ್ಮೆ, ನಂತರ ಆರು ತಿಂಗಳಿಗೊಮ್ಮೆ. ಈಗ ಹುಷಾರಾಗಿದ್ದೇನೆ, ಕೂಲಿ ಬಿಟ್ಟು ಯಾಕೆ ಹೋಗಲಿ ಎಂದು ನಿಲ್ಲಿಸುವುದು ಇಲ್ಲೇ. ಸ್ವಯಂಸೇವಾ ಸಂಸ್ಥೆಯಿಂದ ರೋಗಿಗೆ ಫೋನು ಹೋಗಬೇಕಾದದ್ದು ಈ ಹೊತ್ತಿನಲ್ಲಿ, ತಪಾಸಣೆಗೆ ವಾರ ಮುಂಚೆ. ಮಾತಾಡುವಾಗ ಫೈಲು ತೆಗೆಸಿ ಬಯಾಪ್ಸಿ ವರದಿಯ ಒಂದು ಸಾಲು ಓದಿಸಿಕೊಳ್ಳಬೇಕು: ತುಣುಕಿನಲ್ಲಿ ಸ್ನಾಯು ಇತ್ತೇ? ಇಲ್ಲವೆಂದಿದ್ದರೆ ಗಡ್ಡೆ ಎಷ್ಟು ಆಳಕ್ಕಿಳಿದಿದೆ ಎಂಬುದು ತೀರ್ಮಾನವಾಗಿಲ್ಲ, ಎರಡನೇ ಸಲ ಕೆತ್ತಿ ನೋಡಬೇಕೇ ಎಂದು ವೈದ್ಯರನ್ನು ಕೇಳಬೇಕು. ಆ ವರದಿಯ ಒಂದು ಪ್ರತಿ ರೋಗಿಯ ಮನೆಯಲ್ಲೂ ಇರಲಿ, ಮುಂದಿನ ತಾರೀಕು ಫೈಲಿನ ಹೊರಮೈ ಮೇಲೆ ದಪ್ಪಕ್ಷರದಲ್ಲಿರಲಿ.