ನಕ್ಷೆಯಲ್ಲಿ ಕಮಲಾಪುರ ಇರಲಿಲ್ಲ

"ನಮ್ಮ ತಾಲ್ಲೂಕು ಎಲ್ಲಿ ಅದ ರೀ ಇದರಾಗ?"

ತೊಗರಿ ಬೆಳೆಗಾರರ ಕಂಪನಿಯೊಂದರ ಸಭೆ. ಪರದೆ ಮೇಲೆ ಕಲಬುರಗಿ ಜಿಲ್ಲೆಯ ನಕ್ಷೆ, ತಾಲ್ಲೂಕಿಗೊಂದು ಬಣ್ಣ. ಮುಂದಿನ ಸಾಲಲ್ಲಿ ಕೂತಿದ್ದ ಕಮಲಾಪುರ ಕಡೆಯ ಹಿರಿಯರೊಬ್ಬರು ಎದ್ದು ನಿಂತು ಕೇಳಿದ ಮಾತು ಅದು. ನಾನು ತಿರುಗಿ ನಕ್ಷೆ ನೋಡಿದೆ. ಕಮಲಾಪುರ ಇರಲಿಲ್ಲ. ಕಾಳಗಿ, ಯಡ್ರಾಮಿ, ಶಹಾಬಾದ್ ಕೂಡ ಇರಲಿಲ್ಲ.

ಆ ನಕ್ಷೆ ಮಾಡಿಕೊಟ್ಟವರು ಆನ್‌ಲೈನ್‌ನಲ್ಲಿ ಸಿಕ್ಕ ಒಬ್ಬ ಫ್ರೀಲಾನ್ಸ್ ಡಿಸೈನರ್. ಕೆಲಸ ನೋಡಲು ಬಹಳ ಚಂದ ಇತ್ತು. ಅವರು ಇಂಟರ್ನೆಟ್‌ನಿಂದ ಇಳಿಸಿಕೊಂಡ ನಕ್ಷೆಯ ಫೈಲ್ ಹಳೆಯದು, 7 ತಾಲ್ಲೂಕಿನದು. ನಮ್ಮ ಎಕ್ಸೆಲ್‌ನಲ್ಲಿ ಇದ್ದದ್ದು 11. ಈ ನಾಲ್ಕು ತಾಲ್ಲೂಕುಗಳು ಕೆಲಸ ಶುರು ಮಾಡಿದ್ದು 2018ರಲ್ಲಿ. ಹೆಸರು ಹೊಂದದ ಸಾಲುಗಳನ್ನು ಸಾಫ್ಟ್‌ವೇರ್ ಸದ್ದಿಲ್ಲದೆ ಬಿಟ್ಟುಬಿಟ್ಟಿತ್ತು. ಡಿಸೈನರ್ ಕೇಳಲಿಲ್ಲ, ನಾನೂ ಹೇಳಿರಲಿಲ್ಲ. ನಾಲ್ಕು ತಾಲ್ಲೂಕಿನ ರೈತರ ಲೆಕ್ಕ ಅವರ ಕಣ್ಣೆದುರೇ ಮಾಯವಾಗಿತ್ತು.

ಸಮೀಕ್ಷೆ, ಅಂಕಿಅಂಶ, ವರದಿ, ಇದು ನನ್ನ ಕಸುಬು. ಚಾರ್ಟು, ನಕ್ಷೆ, ಡ್ಯಾಶ್‌ಬೋರ್ಡ್ (ಹಲವು ಚಾರ್ಟು ಒಂದೇ ಪರದೆಯಲ್ಲಿ ತೋರಿಸುವುದು) ಮಾಡಿಸಲು ಹೊರಗಿನವರನ್ನು ಹುಡುಕುವುದು ಇದ್ದೇ ಇರುತ್ತದೆ. ನಮ್ಮ ಕಡೆ ಈಗ ಸಂಘ ಸಂಸ್ಥೆಗಳು, ಕಾಲೇಜುಗಳು, ರೈತರ ಕಂಪನಿಗಳು ಎಲ್ಲವೂ ಕೇಳುತ್ತವೆ: "ಸರ್, ಒಳ್ಳೆ ಡಿಸೈನರ್ ಎಲ್ಲಿ ಸಿಗ್ತಾರ?" ಸಿಗುವುದು ಕಷ್ಟ ಅಲ್ಲ. ಸಿಕ್ಕವರಲ್ಲಿ ಯಾರನ್ನು ಆರಿಸಬೇಕು ಅನ್ನುವುದು ಕಷ್ಟ.

ಮೊದಲು ಒಂದು ಮಾತು. ನಿಮಗೆ ಬೇಕಿರುವುದು ನಾಲ್ಕು ಕಂಬದ ಒಂದು ಚಾರ್ಟು ಆದರೆ ಯಾರನ್ನೂ ಹುಡುಕಬೇಡಿ. ಡೇಟಾರ್‍ಯಾಪರ್, ಫ್ಲರಿಶ್ ಅನ್ನುವ ಎರಡು ವೆಬ್ ಉಪಕರಣಗಳಿವೆ. ಎರಡರಲ್ಲೂ ಹಣ ಕೊಡದೇ ಚಾರ್ಟು ಮಾಡಬಹುದು. ಎಕ್ಸೆಲ್ ಬರುವವರಿಗೆ ಒಂದು ಮಧ್ಯಾಹ್ನದ ಕಲಿಕೆ ಅಷ್ಟೇ. ಉಳಿದ ದುಡ್ಡನ್ನು ನಿಜವಾಗಿ ಕಷ್ಟ ಇರುವ ಕೆಲಸಕ್ಕೆ ಇಟ್ಟುಕೊಳ್ಳಿ.

ಇನ್ನು ನಿಜಕ್ಕೂ ಜನ ಬೇಕು ಅಂದಾಗ, ಯಾವ ಬಗೆಯ ಜನ ಅನ್ನುವುದನ್ನು ತಿಳಿದುಕೊಳ್ಳಿ. ಅಂಕಿಯನ್ನು ಚಿತ್ರವಾಗಿ ತೋರಿಸುವುದಕ್ಕೆ ಡೇಟಾ ವಿಷುವಲೈಸೇಶನ್ ಅನ್ನುತ್ತಾರೆ. ಡೇಟಾ ವಿಷುವಲೈಸೇಶನ್ ಡಿಸೈನರ್ ಅಂತ ಹುಡುಕಿದರೆ ಮೂರು ಥರದವರು ಒಟ್ಟಿಗೇ ಬರುತ್ತಾರೆ. ಪೋಸ್ಟರ್, ಇನ್ಫೋಗ್ರಾಫಿಕ್ ಬಿಡಿಸುವ ಚಿತ್ರಗಾರರು ಒಂದು ಥರ. ಪವರ್ ಬಿಐ, ಟ್ಯಾಬ್ಲೋ ಅನ್ನುವ ಸಾಫ್ಟ್‌ವೇರ್‌ಗಳಲ್ಲಿ ಡ್ಯಾಶ್‌ಬೋರ್ಡ್ ಕಟ್ಟುವವರು ಇನ್ನೊಂದು. ಡಿ3 ಥರದ ಕೋಡ್ ಬರೆದು ವೆಬ್‌ಸೈಟ್‌ಗೆ ಜೀವಂತ ಚಾರ್ಟು ಮಾಡುವವರು ಮತ್ತೊಂದು. ವಾರ್ಷಿಕ ವರದಿ ಪುಸ್ತಕಕ್ಕೆ ಕೋಡ್ ಬರೆಯುವವರನ್ನು ಹಿಡಿದರೆ ಇಬ್ಬರಿಗೂ ಕಷ್ಟ. ನೀವು ಹಾಕುವ ಜಾಹೀರಾತಿನಲ್ಲೇ ಇದು ಸ್ಪಷ್ಟ ಇರಲಿ.

ಇಂಥವರು ಸಿಗುವುದು ಆನ್‌ಲೈನ್ ವೇದಿಕೆಗಳಲ್ಲಿ. ಅಪ್‌ವರ್ಕ್‌ನಲ್ಲಿ ನೀವು ಕೆಲಸ ಹಾಕುತ್ತೀರಿ, ಅವರು ಅರ್ಜಿ ಹಾಕುತ್ತಾರೆ. ಫೈವರ್‌ನಲ್ಲಿ ಅವರೇ ಸೇವೆ, ಬೆಲೆ ಬರೆದಿಟ್ಟಿರುತ್ತಾರೆ, ನೀವು ಆರಿಸುತ್ತೀರಿ. ಡಿಸೈನರ್‌ಗಳು ತಮ್ಮ ಕೆಲಸ ತೋರಿಸುವ ಬಿಹಾನ್ಸ್, ಡ್ರಿಬಲ್‌ನಲ್ಲಿ ಚಿತ್ರಗಳು ಕಣ್ಣು ಕುಕ್ಕುತ್ತವೆ, ಆದರೆ ಅಲ್ಲಿ ಸುಮಾರು ಚಾರ್ಟುಗಳ ಹಿಂದೆ ನಿಜವಾದ ಅಂಕಿಯೇ ಇರುವುದಿಲ್ಲ. ನನಗೆ ಹೆಚ್ಚು ಇಷ್ಟ ಟ್ಯಾಬ್ಲೋ ಪಬ್ಲಿಕ್, ಟ್ಯಾಬ್ಲೋದಲ್ಲಿ ಮಾಡಿದ್ದನ್ನು ಎಲ್ಲರಿಗೂ ತೋರಿಸುವ ತಾಣ. ಅಲ್ಲಿ ಸುಮಾರು ಜನ ತಮ್ಮ ಕೆಲಸವನ್ನು ಡೌನ್‌ಲೋಡ್ ಮಾಡಲು ಬಿಟ್ಟಿರುತ್ತಾರೆ. ಒಳಗೆ ಲೆಕ್ಕ ಹೇಗೆ ಮಾಡಿದ್ದಾರೆ ಅಂತ ಬಿಚ್ಚಿ ನೋಡಬಹುದು. 2019ರಲ್ಲಿ ಶುರುವಾದ ಡೇಟಾ ವಿಷುವಲೈಸೇಶನ್ ಸೊಸೈಟಿ ಅನ್ನುವ ಕೂಟವೂ ಇದೆ, ಈ ಕಸುಬಿನವರೇ ಸೇರಿ ಕಟ್ಟಿದ್ದು.

ಪೋರ್ಟ್‌ಫೋಲಿಯೊ, ಅಂದರೆ ಅವರು ಹಿಂದೆ ಮಾಡಿದ ಕೆಲಸದ ಸಂಗ್ರಹ, ನೋಡುವಾಗ ಬಣ್ಣ ಬಿಡಿ, ಕಂಬಗಳ ಬುಡ ನೋಡಿ. 2011ರ ಜನಗಣತಿಯಲ್ಲಿ ಸಾಕ್ಷರತೆ ಬೀದರ್‌ನಲ್ಲಿ ಶೇ 70.51, ಕಲಬುರಗಿಯಲ್ಲಿ ಶೇ 64.85, ಯಾದಗಿರಿಯಲ್ಲಿ ಶೇ 51.83. ಕಂಬಗಳನ್ನು ಸೊನ್ನೆಯಿಂದ ಎಬ್ಬಿಸಿದರೆ ಯಾದಗಿರಿಯ ಕಂಬ ಬೀದರ್‌ನ ಮುಕ್ಕಾಲು ಎತ್ತರಕ್ಕೆ ಸ್ವಲ್ಪ ಕಮ್ಮಿ ನಿಲ್ಲುತ್ತದೆ. ಅದೇ ಕಂಬಗಳನ್ನು 50ರಿಂದ ಎಬ್ಬಿಸಿ ನೋಡಿ. ಬೀದರ್‌ಗೆ ಇಪ್ಪತ್ತರಷ್ಟು ಎತ್ತರ, ಯಾದಗಿರಿಗೆ ಎರಡೂ ಇಲ್ಲ. ಹನ್ನೊಂದು ಪಟ್ಟು ವ್ಯತ್ಯಾಸ ಕಾಣುತ್ತದೆ. ಅಂಕಿ ಒಂದೂ ಸುಳ್ಳಲ್ಲ, ಚಿತ್ರ ಪೂರ್ತಿ ಸುಳ್ಳು. ಯಾದಗಿರಿಯಲ್ಲಿ ಓದು ಬಂದವರೇ ಇಲ್ಲ ಅಂತ ನೋಡಿದವರು ಅಂದುಕೊಳ್ಳುತ್ತಾರೆ. ಪೋರ್ಟ್‌ಫೋಲಿಯೊದಲ್ಲಿ ಇಂಥ ಕಂಬ ಎರಡು ಮೂರು ಕಂಡರೆ ನಾನು ಮುಂದೆ ಹೋಗುತ್ತೇನೆ. ಕದ್ದ ಪೋರ್ಟ್‌ಫೋಲಿಯೊಗಳೂ ಜಾಸ್ತಿ. ಒಂದೆರಡು ಚಿತ್ರವನ್ನು ಗೂಗಲ್ ಲೆನ್ಸ್‌ಗೆ ಹಾಕಿದರೆ ಮೂಲ ಎಲ್ಲಿಯದು ಅಂತ ಎಷ್ಟೋ ಸಲ ಗೊತ್ತಾಗಿಬಿಡುತ್ತದೆ.

ಈಗ ನಾನು ಮಾಡುವ ಮುಖ್ಯ ಕೆಲಸಕ್ಕೆ ಬರುತ್ತೇನೆ. ಮೂರು ಜನರನ್ನು ಆರಿಸಿ, ಮೂವರಿಗೂ ಒಂದೇ ಸಣ್ಣ ಪರೀಕ್ಷೆ ಕೊಡುತ್ತೇನೆ. ದುಡ್ಡು ಕೊಟ್ಟೇ ಮಾಡಿಸುತ್ತೇನೆ. ಪುಕ್ಕಟೆ ಸ್ಯಾಂಪಲ್ ಕೇಳುವುದು ತಪ್ಪು. ಅವರ ಒಂದು ದಿನದ ಕೂಲಿ ಅದು. ನಾವು ಅಂಗಡಿಗೆ ಹೋಗಿ ಒಂದು ಕಿಲೊ ಬೇಳೆ ಸುಮ್ನೆ ಕೊಡಿ, ಬೇಯಿಸಿ ನೋಡಿ ಹೇಳುತ್ತೇನೆ ಅನ್ನುತ್ತೇವೆಯೇ?

ಪರೀಕ್ಷೆಗೆ ಕೊಡುವುದು ಮೂವತ್ತು ಸಾಲಿನ ಒಂದು ಎಕ್ಸೆಲ್. ನಮ್ಮದೇ ಡೇಟಾ, ಇದ್ದ ಹಾಗೆಯೇ, ಒಪ್ಪ ಮಾಡದೆ. ಒಂದು ಕಡೆ ಆಳಂದ, ಇನ್ನೊಂದು ಕಡೆ ಅಳಂದ ಅಂತ ಬರೆದಿರುತ್ತದೆ. ಒಂದು ಸಾಲಿನಲ್ಲಿ ಕ್ವಿಂಟಲ್, ಮತ್ತೊಂದರಲ್ಲಿ ಕಿಲೊ. ಒಂದು ದಿನದ ತೊಗರಿ ದರ ಖಾಲಿ. ಜೊತೆಗೆ ಒಂದೇ ಸಾಲಿನ ಪ್ರಶ್ನೆ: ರಾಶಿ ಆದ ತಕ್ಷಣ ಮಾರಿದವರಿಗೂ ಒಂದು ತಿಂಗಳು ಕಾದು ಮಾರಿದವರಿಗೂ ಸಿಕ್ಕ ದರದಲ್ಲಿ ಎಷ್ಟು ಫರಕು? ಈ ಒಂದು ಸಾಲು ಬರೆಯುವುದಕ್ಕೇ ನಮ್ಮವರಿಗೆ ಒಂದು ವಾರ ಹಿಡಿಯುತ್ತದೆ. "ಎಲ್ಲಾ ಡೇಟಾ ಚಂದ ತೋರಿಸಿ" ಅಂತ ಬರೆದರೆ ಯಾವ ಡಿಸೈನರ್‌ಗೂ ಏನೂ ಮಾಡಲು ಆಗುವುದಿಲ್ಲ. ಚಾರ್ಟನ್ನು ಎಲ್ಲಿ ನೋಡುತ್ತಾರೆ ಅನ್ನುವುದನ್ನೂ ಬರೆಯಬೇಕು. ವಾಟ್ಸಾಪ್‌ನಲ್ಲಿ ಬರುವ ಚಾರ್ಟಿನ ಅಕ್ಷರ ದಪ್ಪ ಇರಬೇಕು, ಮಾಹಿತಿ ಕಮ್ಮಿ ಇರಬೇಕು. ಪುಸ್ತಕದ್ದೇ ಬೇರೆ, ಫ್ಲೆಕ್ಸ್‌ನದೇ ಬೇರೆ.

ಆ ಕಮಲಾಪುರದ ಸಭೆಯ ನಂತರ ನಕ್ಷೆ, ಚಾರ್ಟು ಮತ್ತೆ ಮಾಡಿಸಲು ಇದೇ ಪರೀಕ್ಷೆ ಕೊಟ್ಟೆ. ಒಬ್ಬರು ಅವತ್ತು ಸಂಜೆಯೇ ಚಾರ್ಟು ಕಳಿಸಿದರು. ಹೊಳೆಯುವ ನೀಲಿ ಗೆರೆ, ಸುಂದರ ಅಕ್ಷರ. ಖಾಲಿ ಇದ್ದ ದಿನ ಗೆರೆ ಸೊನ್ನೆಗೆ ಬಿದ್ದು ಮತ್ತೆ ಎದ್ದಿತ್ತು. ತೊಗರಿ ಒಂದು ದಿನ ಪುಕ್ಕಟೆ ಮಾರಾಟ ಆಯಿತು ಅಂತ ಆ ಚಿತ್ರ ಹೇಳುತ್ತಿತ್ತು. ಇನ್ನೊಬ್ಬರು ಚಾರ್ಟು ಕಳಿಸಲೇ ಇಲ್ಲ. ಮೂರನೆಯವರು, ಪುಣೆಯ ಒಬ್ಬ ಹೆಣ್ಣುಮಗಳು, ಮಾರನೇ ದಿನ ನಾಲ್ಕು ಪ್ರಶ್ನೆ ಕಳಿಸಿದರು. ಈ ಎರಡು ಹೆಸರು ಒಂದೇ ಊರಿನವೇ? ಈ ಸಾಲು ಕಿಲೊದಲ್ಲಿದೆಯೇ? ನಿಮ್ಮ ಜಿಲ್ಲೆಗೆ ಈಗ ತಾಲ್ಲೂಕು ಎಷ್ಟು? ಈ ದಿನ ದರ ಯಾಕೆ ಖಾಲಿ, ಮಾರುಕಟ್ಟೆ ಬಂದ್ ಇತ್ತೇ?

ಅವತ್ತು ಎಳ್ಳ ಅಮಾವಾಸ್ಯೆ. ನಮ್ಮ ಕಡೆ ಎಲ್ಲರೂ ಹೊಲಕ್ಕೆ ಹೋಗಿ ಚರಗ ಚೆಲ್ಲುವ ದಿನ, ಮಾರುಕಟ್ಟೆಗೆ ಯಾರು ಬರುತ್ತಾರೆ? ಪುಣೆಯವರಿಗೆ ಅದು ಗೊತ್ತಿರಬೇಕಾಗಿಲ್ಲ. ಆದರೆ ಅವರು ಕೇಳಿದರು. ಚಾರ್ಟು ನೋಡುವ ಮೊದಲೇ ಕೆಲಸ ಅವರಿಗೆ ಕೊಟ್ಟೆ.

ಈ ಕೇಳುವ ಗುಣ ನಮ್ಮ ಭಾಗಕ್ಕೆ ಯಾಕೆ ಇಷ್ಟು ಮುಖ್ಯ ಅಂತ ಒಂದು ಉದಾಹರಣೆ ಕೊಡುತ್ತೇನೆ. 2001ರ ಜನಗಣತಿಯಲ್ಲಿ ಗುಲಬರ್ಗಾ (ಈಗಿನ ಕಲಬುರಗಿ) ಜಿಲ್ಲೆಯ ಜನಸಂಖ್ಯೆ 31,30,922. 2011ರಲ್ಲಿ 25,66,326. ಎರಡು ಚುಕ್ಕಿ ಇಟ್ಟು ಗೆರೆ ಎಳೆದರೆ ಹತ್ತು ವರ್ಷದಲ್ಲಿ ಐದೂವರೆ ಲಕ್ಷಕ್ಕೂ ಜಾಸ್ತಿ ಜನ ಕಮ್ಮಿ ಆದ ಹಾಗೆ ಕಾಣುತ್ತದೆ. ಗುಳೆ ಹೋದರು ಅಂತ ಯಾರಾದರೂ ಅದರ ಮೇಲೆ ಲೇಖನವನ್ನೂ ಬರೆದಾರು. ನಿಜ ಏನೆಂದರೆ ಈ ಎರಡು ಜನಗಣತಿಗಳ ನಡುವೆ ಯಾದಗಿರಿ ಬೇರೆ ಜಿಲ್ಲೆ ಆಯಿತು. ಅಲ್ಲಿನ 11,74,271 ಜನರನ್ನು ಸೇರಿಸಿದರೆ ಗೆರೆ ಮೇಲಕ್ಕೇ ಹೋಗುತ್ತದೆ. ಬೀದರ್‌ಗೂ ಹುಲಸೂರು, ಚಿಟಗುಪ್ಪ, ಕಮಲನಗರ ಆಮೇಲೆ ಬಂದ ತಾಲ್ಲೂಕುಗಳು. ಯಾದಗಿರಿಗೆ ಹುಣಸಗಿ, ವಡಗೇರಾ, ಗುರುಮಠಕಲ್. ಹೊರಗಿನ ಡಿಸೈನರ್‌ಗೆ ಕೆಲಸ ಕೊಡುವಾಗ ಸರಿಯಾದ ನಕ್ಷೆಯ ಫೈಲನ್ನು ನಾವೇ ಕೊಡಬೇಕು. ಇಡೀ ದೇಶದ ನಕ್ಷೆ ಇದ್ದರೆ ಇನ್ನೂ ಹುಷಾರು. ವಿದೇಶಿ ಫೈಲ್‌ಗಳಲ್ಲಿ ಕಾಶ್ಮೀರದ ಗಡಿ ಎಷ್ಟೋ ಸಲ ಬೇರೆ ಥರ ಇರುತ್ತದೆ. ಕೇಂದ್ರ ಸರ್ಕಾರದ ಸರ್ವೆ ಆಫ್ ಇಂಡಿಯಾ ನಕ್ಷೆಗೆ ಹೊಂದದ್ದನ್ನು ಪ್ರಕಟಿಸುವುದು 1961ರ ಕಾನೂನಿನ ಪ್ರಕಾರ ಅಪರಾಧ. ಪ್ರಕಟಿಸಿದವರು ನಾವು, ಡಿಸೈನರ್ ಅಲ್ಲ.

ಕನ್ನಡ ಅಕ್ಷರದ ಪರೀಕ್ಷೆಯನ್ನೂ ಅಲ್ಲೇ ಮಾಡಿಬಿಡಿ. ನಾನು ಎರಡು ಹೆಸರು ಕಳಿಸುತ್ತೇನೆ: ಜೇವರ್ಗಿ, ಚಿತ್ತಾಪುರ. ಕನ್ನಡ ಬಾರದವರ ಇಲ್ಲಸ್ಟ್ರೇಟರ್ ಸಾಫ್ಟ್‌ವೇರ್‌ನಲ್ಲಿ ಜೇವರ್ಗಿಯ ಅರ್ಕಾವತ್ತು ಕಳಚಿ ಬೀಳುತ್ತದೆ, ಚಿತ್ತಾಪುರದ ಒತ್ತು ಪಕ್ಕಕ್ಕೆ ಹೋಗಿ ನಿಲ್ಲುತ್ತದೆ. ಅದರಲ್ಲಿ ವರ್ಲ್ಡ್ ರೆಡಿ ಕಂಪೋಸರ್ ಅನ್ನುವ ಆಯ್ಕೆ ಹಾಕಿದರೆ ಸರಿ ಹೋಗುತ್ತದೆ, ಎಷ್ಟೋ ಡಿಸೈನರ್‌ಗಳಿಗೆ ಅದು ಗೊತ್ತಿಲ್ಲ. ನಮ್ಮ ತಪ್ಪೂ ಇದೆ. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್ ಕಳಿಸಿದರೆ ಅವರಿಗೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಎಲ್ಲ ಕಂಪ್ಯೂಟರ್‌ನಲ್ಲೂ ಕನ್ನಡವಾಗಿಯೇ ಕಾಣುವ ಯೂನಿಕೋಡ್‌ಗೆ ಬದಲಿಸಿ ಕಳಿಸಿ. ನೋಟೊ ಸ್ಯಾನ್ಸ್ ಕನ್ನಡ ಉಚಿತ ಫಾಂಟ್, ಅದನ್ನೇ ಹೇಳಿ. ಸಂಖ್ಯೆಗಳಲ್ಲಿ ಲಕ್ಷ, ಕೋಟಿಯ ಪ್ರಕಾರ ಅಲ್ಪವಿರಾಮ ಬೇಕು ಅಂತಲೂ ಬರೆಯಿರಿ. ಮಿಲಿಯನ್ ಲೆಕ್ಕ ನಮ್ಮ ಸಭೆಯಲ್ಲಿ ಯಾರಿಗೂ ತಲೆಗೆ ಹೋಗುವುದಿಲ್ಲ.

ರೈತರ ಹೆಸರು, ಮೊಬೈಲ್ ನಂಬರ್, ಆಧಾರ್ ಇರುವ ಫೈಲನ್ನು ಹೊರಗೆ ಕಳಿಸಲೇಬೇಡಿ. 2023ರಲ್ಲಿ ವೈಯಕ್ತಿಕ ಡೇಟಾ ರಕ್ಷಣೆಯ ಕಾಯ್ದೆ ಬಂದಿದೆ. ಕಾಯ್ದೆ ಇಲ್ಲದಿದ್ದರೂ, ನಂಬಿ ಕೊಟ್ಟವರ ಮಾಹಿತಿ ಅದು. ಚಾರ್ಟಿಗೆ ಬೇಕಿರುವುದು ತಾಲ್ಲೂಕಿನ ಮೊತ್ತ ಅಷ್ಟೇ ಅಲ್ವಾ?

ದುಡ್ಡಿನ ವಿಷಯ. ಅಪ್‌ವರ್ಕ್ ಥರದ ಕಡೆ ಹಂತ ಹಂತವಾಗಿ ಹಣ ಇಡುವ ವ್ಯವಸ್ಥೆ ಇದೆ. ಹಣ ಮೊದಲೇ ಅವರ ಹತ್ತಿರ ಜಮಾ ಇರುತ್ತದೆ, ಕೆಲಸ ನೋಡಿ ಒಪ್ಪಿದ ಮೇಲೆ ಡಿಸೈನರ್‌ಗೆ ಹೋಗುತ್ತದೆ. "ವಾಟ್ಸಾಪ್‌ಗೆ ಬನ್ನಿ, ಹೊರಗೇ ಕೊಟ್ಟರೆ ಕಮ್ಮಿ ಆಗುತ್ತದೆ" ಅಂದವರನ್ನು ಅಲ್ಲಿಗೇ ಬಿಡಿ. ಹೊರಗೆ ಕೊಟ್ಟ ಹಣಕ್ಕೆ ಆ ರಕ್ಷಣೆ ಇಲ್ಲ. ಇನ್ನೊಂದು ಕಡೆಯೂ ಯೋಚಿಸಿ. ಫೈವರ್‌ನಲ್ಲಿ ನೀವು ಕೊಟ್ಟ ನೂರು ರೂಪಾಯಿಯಲ್ಲಿ ಇಪ್ಪತ್ತನ್ನು ಕಂಪನಿ ಇಟ್ಟುಕೊಂಡು ಎಂಬತ್ತು ಕೊಡುತ್ತದೆ. ಅದನ್ನು ತಿಳಿದು ಚೌಕಾಸಿ ಮಾಡಿ. ಎಷ್ಟು ಸಲ ತಿದ್ದಿ ಕೊಡುತ್ತಾರೆ ಅನ್ನುವುದನ್ನು ಮೊದಲೇ ಬರೆದಿಡಿ, ಜಗಳ ಆಗುವುದೇ ಅಲ್ಲಿ.

ಹಕ್ಕಿನ ಬಗ್ಗೆ ನಮ್ಮವರು ಯೋಚಿಸುವುದೇ ಇಲ್ಲ. ದುಡ್ಡು ಕೊಟ್ಟ ಮಾತ್ರಕ್ಕೆ ಚಾರ್ಟು ನಮ್ಮದಾಗುವುದಿಲ್ಲ. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಫ್ರೀಲಾನ್ಸರ್ ಮಾಡಿದ್ದರ ಮೊದಲ ಹಕ್ಕು ಸಾಮಾನ್ಯವಾಗಿ ಅವರದೇ. ನಮಗೆ ಬರಬೇಕಾದರೆ ಸಹಿ ಇರುವ ಬರಹ ಬೇಕು. ಅದರಲ್ಲಿ ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತ, ಎಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ ಅಂತ ಕಾಯ್ದೆ ಹಿಡಿಯುತ್ತದೆ. ಆನ್‌ಲೈನ್ ವೇದಿಕೆಗಳ ನಿಯಮದಲ್ಲೂ ಹಕ್ಕಿನ ಮಾತು ಇರುತ್ತದೆ, ಓದಿಕೊಳ್ಳಿ. ಪಿಡಿಎಫ್ ಒಂದನ್ನೇ ತೆಗೆದುಕೊಂಡು ಸುಮ್ಮನಾಗಬೇಡಿ. ಮುಂದಿನ ವರ್ಷ ಹೊಸ ಅಂಕಿ ಹಾಕಲು ಮೂಲ ಫೈಲ್ ಬೇಕೇ ಬೇಕು.

ಡಿಸೈನರ್ ಎಲ್ಲೇ ಇರಲಿ, ನಮ್ಮ ಊರಿನ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಜೊತೆಗೆ ಹಾಕಿ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ, ಇಲ್ಲಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಅಂಕಿ ಓದಬಲ್ಲ ಮಕ್ಕಳಿದ್ದಾರೆ. ಪ್ರತಿ ಚಾರ್ಟನ್ನೂ ಮೂಲ ಎಕ್ಸೆಲ್ ಜೊತೆ ಹೋಲಿಸಿ ನೋಡುವುದು ಅವರ ಕೆಲಸ. ಅದಕ್ಕೂ ದುಡ್ಡು ಕೊಡಿ. ಅವರಲ್ಲೇ ಕೆಲವರು ನಾಳೆ ಡಿಸೈನರ್ ಆಗಬಹುದು, ನನಗಂತೂ ಆ ಆಸೆ ಇದೆ.

ಪುಣೆಯವರು ಮಾಡಿದ ಚಾರ್ಟು ಹಿಡಿದುಕೊಂಡು ಅದೇ ಸಭೆಗೆ ಮತ್ತೆ ಹೋದೆ. ನಕ್ಷೆಯಲ್ಲಿ 11 ತಾಲ್ಲೂಕು. ದರದ ಗೆರೆಯಲ್ಲಿ ಒಂದು ಕಡೆ ತುಂಡು, ಕೆಳಗೆ ಬೂದು ಬಣ್ಣದಲ್ಲಿ "ಮಾರುಕಟ್ಟೆ ಬಂದ್" ಅಂತ ಸಣ್ಣ ಅಕ್ಷರ. ಕಮಲಾಪುರದ ಆ ಹಿರಿಯರು ಹತ್ತಿರ ಬಂದು ಆ ತುಂಡಿನ ಮೇಲೆ ಬೆರಳಿಟ್ಟರು. ಪಕ್ಕದವರ ಕಡೆ ತಿರುಗಿ, "ಎಳ್ಳ ಅಮಾಸಿ ನೋಡಪ್ಪ ಇದು" ಅಂದರು. ಆಮೇಲೆ ಕುರ್ಚಿ ಎಳೆದುಕೊಂಡು ಅಲ್ಲೇ ಮುಂದೆ ಕೂತು, ಉಳಿದ ಗೆರೆಯನ್ನು ತಿಂಗಳು ತಿಂಗಳಾಗಿ ಓದತೊಡಗಿದರು.