ಪದ ಪರಿಚಯ: ವ್ಯಾಟ್ಸ್, ಅಂದರೆ ಎದೆಯ ಕೀಹೋಲ್ ಆಪರೇಷನ್

ಪಕ್ಕೆಲುಬುಗಳನ್ನು ಅಗಲಿಸದೆ, ಎದೆಯ ಪಕ್ಕದಲ್ಲಿ ಒಂದರಿಂದ ಮೂರು ತೂತು ಮಾಡಿ, ಕ್ಯಾಮೆರಾ ಒಳಗಿಳಿಸಿ, ಪರದೆ ನೋಡುತ್ತಾ ಮಾಡುವ ಆಪರೇಷನ್ನೇ ವ್ಯಾಟ್ಸ್. ಪೂರ್ತಿ ಹೆಸರು ವಿಡಿಯೊ ಅಸಿಸ್ಟೆಡ್ ಥೊರಾಕೋಸ್ಕೋಪಿಕ್ ಸರ್ಜರಿ. ಶ್ವಾಸಕೋಶದ ಗಡ್ಡೆ ತೆಗೆಯಲು, ಎದೆಯೊಳಗಿನ ಕೀವು ತೊಳೆಯಲು, ಪದೇ ಪದೇ ಗಾಳಿ ಸೋರುವ ಗುಳ್ಳೆ ಕತ್ತರಿಸಲು ಇದನ್ನು ಬಳಸುತ್ತಾರೆ. ರೋಗಿಗೆ ಪೂರ್ತಿ ಮಂಪರು ಕೊಟ್ಟು, ಎರಡು ಕೊಳವೆ ಸೇರಿಸಿದ ವಿಶೇಷ ಟ್ಯೂಬ್ ಹಾಕಿ, ಆಪರೇಷನ್ ಆಗುವ ಕಡೆಯ ಶ್ವಾಸಕೋಶಕ್ಕೆ ಗಾಳಿ ನಿಲ್ಲಿಸುತ್ತಾರೆ. ಅದು ಕುಗ್ಗಿದರೇ ಒಳಗೆ ಕೈಯಾಡಿಸಲು ಜಾಗ ಸಿಗುವುದು.

ಲಾಭ ಸಿಗುವುದು ಮುಖ್ಯವಾಗಿ ಎದೆಗೂಡಿಗೆ. ತೆರೆದ ಆಪರೇಷನ್ನಿನಲ್ಲಿ ಉದ್ದ ಗಾಯ ಮಾಡಿ ಪಕ್ಕೆಲುಬುಗಳನ್ನು ಬಲವಾಗಿ ಅಗಲಿಸಿದಾಗ ಅವುಗಳ ನಡುವಿನ ನರ ಜಜ್ಜಿಹೋಗುತ್ತದೆ. ತಿಂಗಳುಗಟ್ಟಲೆ ಉರಿಯುವ ನೋವು ಅದರದ್ದೇ. ಬ್ರಿಟನ್ನಿನಲ್ಲಿ 503 ರೋಗಿಗಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ವಯೊಲೆಟ್ ಅಧ್ಯಯನದಲ್ಲಿ, ಕೀಹೋಲ್ ಮಾಡಿಸಿಕೊಂಡವರಿಗೆ ನೋವು ಕಡಿಮೆಯಿತ್ತು, ಐದು ವಾರದ ಹೊತ್ತಿಗೆ ಓಡಾಟ ಸುಧಾರಿಸಿತ್ತು, ಆಸ್ಪತ್ರೆ ವಾಸ ಒಂದು ದಿನ ಕಡಿಮೆಯಾಗಿತ್ತು. ಆದರೆ ಒಳಗೆ ಶ್ವಾಸಕೋಶಕ್ಕೆ ಬೀಳುವ ಕತ್ತರಿ ಅಷ್ಟೇ ದೊಡ್ಡದು. ಹೊರಗಿನ ಗಾಯ ನೋಡಿ ಸಣ್ಣ ಆಪರೇಷನ್ ಅಂದುಕೊಂಡು ಡಿಸ್ಚಾರ್ಜ್‌ಗೆ ಅವಸರ ಮಾಡಬಾರದು.

ಹೆಚ್ಚು ಕಾಡುವ ತೊಡಕು ಗಾಳಿ ಸೋರಿಕೆ. ಸ್ಟೇಪ್ಲರ್ ಹಾಕಿ ಕತ್ತರಿಸಿದ ಅಂಚಿನ ಸಣ್ಣ ಕಿಂಡಿಗಳಿಂದ ಗಾಳಿ ಎದೆಯೊಳಕ್ಕೆ ಹೊರಬರುತ್ತದೆ. ವರ್ಷಾನುಗಟ್ಟಲೆ ಬೀಡಿ ಸೇದಿದವರ, ಸೌದೆ ಒಲೆಯ ಹೊಗೆ ಕುಡಿದವರ ಶ್ವಾಸಕೋಶ ಸಡಿಲವಾಗಿರುತ್ತದೆ. ಸ್ಟೇಪಲ್ ಪಿನ್ನು ಕೂತಲ್ಲೇ ಹರಿಯುತ್ತದೆ. ಸಾಮಾನ್ಯವಾಗಿ ಶ್ವಾಸಕೋಶ ಪೂರ್ತಿ ಉಬ್ಬಿ ಎದೆಗೋಡೆಗೆ ಅಂಟಿದ ಮೇಲೆ ಎರಡು ಮೂರು ದಿನದಲ್ಲಿ ನಿಲ್ಲುತ್ತದೆ. ಐದು ದಿನ ದಾಟಿದರೆ ದೀರ್ಘ ಸೋರಿಕೆ ಎನ್ನುತ್ತಾರೆ. ಆಗಲೂ ಬಹುಪಾಲು ಕಾಯುವುದೇ ಚಿಕಿತ್ಸೆ. ರೋಗಿಯದೇ ರಕ್ತವನ್ನು 50ರಿಂದ 100 ಮಿಲಿ ತೆಗೆದು ಡ್ರೈನ್ (ಆಪರೇಷನ್ ನಂತರ ಎದೆಯಲ್ಲಿ ಬಿಟ್ಟಿರುವ ಕೊಳವೆ) ಮೂಲಕ ಒಳಗೆ ಬಿಟ್ಟು ಕಿಂಡಿ ಮುಚ್ಚಿಸುವ ವಿಧಾನವೂ ಉಂಟು. ಮತ್ತೆ ಆಪರೇಷನ್ ಕೊನೆಯ ದಾರಿ.

ಸೋರಿಕೆ ಕಣ್ಣಿಗೆ ಕಾಣುವುದು ಮಂಚದ ಕೆಳಗಿನ ಬಾಟಲಿಯಲ್ಲಿ. ಎದೆಯಿಂದ ಬಂದ ಈ ಕೊಳವೆಯ ತುದಿ ಅದರ ನೀರಿನಲ್ಲಿ ಎರಡು ಸೆಂಟಿಮೀಟರ್ ಮುಳುಗಿರುತ್ತದೆ: ಗಾಳಿ ಹೊರಗೆ ಬರಬಹುದು, ಮರಳಿ ಹೋಗಲಾರದು. ಉಸಿರಾಡಿದಂತೆ ಕೊಳವೆಯ ನೀರು ಏರಿಳಿದರೆ ದಾರಿ ತೆರೆದಿದೆ. ಕೆಮ್ಮಿದಾಗ ಮಾತ್ರ ಗುಳ್ಳೆ ಬಂದರೆ ಸೋರಿಕೆ ಸಣ್ಣದು, ಪ್ರತಿ ಉಸಿರಿಗೂ ಬಂದರೆ ದೊಡ್ಡದು, ಇಲ್ಲವೇ ಎಲ್ಲೋ ಜೋಡಣೆ ಸಡಿಲವಾಗಿದೆ. ಏರಿಳಿತ ನಿಂತು ರೋಗಿಗೆ ಏದುಸಿರು ಹೆಚ್ಚಿದರೆ ಕೊಳವೆ ಮಡಚಿದೆಯೇ, ಮೈ ಕೆಳಗೆ ಸಿಕ್ಕಿದೆಯೇ ನೋಡಿ, ಕೂಡಲೇ ನರ್ಸ್ ಕರೆಯಬೇಕು. ಬಾಟಲಿಯನ್ನು ಎದೆಗಿಂತ ಮೇಲೆ ಎತ್ತಿದರೆ ಅದರ ನೀರೇ ಒಳಗೆ ಹರಿಯುತ್ತದೆ. ಗುಳ್ಳೆ ಬರುತ್ತಿರುವಾಗ ಕೊಳವೆಗೆ ಕ್ಲಿಪ್ ಹಾಕಿದರೆ ಗಾಳಿ ಒಳಗೇ ತುಂಬಿ, ಹೃದಯವನ್ನು ಒತ್ತಿ, ಜೀವಕ್ಕೇ ಎರವಾಗುತ್ತದೆ. ಸ್ಕ್ಯಾನಿಂಗ್‌ಗೆ ಕರೆದೊಯ್ಯುವಾಗ ಈ ತಪ್ಪಾಗುವುದುಂಟು. ಜೊತೆಗಿದ್ದವರು ಕೇಳಿ ತಡೆಯಲೇಬೇಕು.

ಮಿಕ್ಕ ತೊಡಕುಗಳಲ್ಲಿ ಎರಡು ಮೂರನೇ ದಿನ ಹೃದಯದ ಬಡಿತ ಲಯ ತಪ್ಪುವುದು, ಕಫ ಕಟ್ಟಿ ನ್ಯುಮೋನಿಯಾ ಆಗುವುದು, ರಕ್ತಸ್ರಾವ ಮುಖ್ಯ. ಎರಡನೆಯದನ್ನು ತಡೆಯುವುದು ಬಹುಮಟ್ಟಿಗೆ ರೋಗಿಯ ಕೈಯಲ್ಲೇ ಇದೆ: ಗಾಯದ ಮೇಲೆ ದಿಂಬು ಒತ್ತಿ ಹಿಡಿದು ಚೆನ್ನಾಗಿ ಕೆಮ್ಮುವುದು, ಮರುದಿನದಿಂದಲೇ ಎದ್ದು ನಡೆಯುವುದು.

ಹಿಂದೆ ಟಿಬಿ ಆದವರಲ್ಲಿ ಶ್ವಾಸಕೋಶ ಎದೆಗೋಡೆಗೆ ಅಂಟಿರುತ್ತದೆ, ರಕ್ತನಾಳದ ಸುತ್ತಲ ಗಂಟುಗಳು ಕಲ್ಲಾಗಿರುತ್ತವೆ. ಅಂಥವರಲ್ಲಿ ಸರ್ಜನ್ ನಡುವೆಯೇ ಎದೆ ತೆರೆಯಬೇಕಾಗಬಹುದು. ಅದನ್ನು ಆಪರೇಷನ್ ಫೇಲ್ ಎಂದುಕೊಳ್ಳಬಾರದು. ರಕ್ತ ಚಿಮ್ಮುವ ಮೊದಲೇ ತೆರೆಯುವುದು ಒಳ್ಳೆಯ ಸರ್ಜನ್ನಿನ ಲಕ್ಷಣ. ಕೀವು ತುಂಬಿದವರಲ್ಲಿ ತಡಮಾಡಿದಷ್ಟೂ ಕೀಹೋಲ್ ಅವಕಾಶ ಕೈತಪ್ಪುತ್ತದೆ. ಮೊದಮೊದಲು ಜೇಡರಬಲೆಯಂತೆ ಇರುವ ಪೊರೆಯನ್ನು ಸುಲಭವಾಗಿ ಬಿಡಿಸಬಹುದು, ವಾರಗಳು ಕಳೆದರೆ ಅದೇ ದಪ್ಪ ಸಿಪ್ಪೆಯಾಗಿ ಶ್ವಾಸಕೋಶವನ್ನು ಬಿಗಿಯುತ್ತದೆ.

ಹಾಸನ, ಚಿಕ್ಕಮಗಳೂರಿನವರು ಬೇರೆ ಊರಲ್ಲಿ ಆಪರೇಷನ್ ಮಾಡಿಸಿಕೊಂಡು ಮರಳುವಾಗ ಗಮನಿಸಬೇಕಾದ ಒಂದು ವಿಷಯವಿದೆ. ಬೆಂಗಳೂರು ಹೆಚ್ಚುಕಡಿಮೆ ಈ ಊರುಗಳಷ್ಟೇ ಎತ್ತರದಲ್ಲಿದೆ, ಮಂಗಳೂರಾದರೆ ಸಮುದ್ರಮಟ್ಟ. ಅಲ್ಲಿಂದ ಶಿರಾಡಿಯನ್ನೋ ಚಾರ್ಮಾಡಿಯನ್ನೋ ಹತ್ತಿ ಹೆಚ್ಚುಕಡಿಮೆ ಸಾವಿರ ಮೀಟರ್ ಮೇಲೆ ಬಂದಾಗ ಎದೆಯೊಳಗೆ ಉಳಿದ ಗಾಳಿ ಹತ್ತರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚೇ ಹಿಗ್ಗುತ್ತದೆ. ಡ್ರೈನ್ ತೆಗೆದ ನಂತರದ ಎಕ್ಸ್‌ರೇಯಲ್ಲಿ ಗಾಳಿ ಉಳಿದಿದೆಯೇ, ಘಾಟಿ ಹತ್ತಬಹುದೇ ಎಂದು ಡಾಕ್ಟರನ್ನು ಕೇಳಿಯೇ ಹೊರಡಿ. ಮನೆಗೆ ಬಂದ ಮೇಲೆ ಹಠಾತ್ತನೆ ಉಸಿರು ಕಟ್ಟಿದರೆ, ಕುತ್ತಿಗೆ ಊದಿಕೊಂಡು ಚರ್ಮ ಒತ್ತಿದಾಗ ಚರಚರ ಎಂದರೆ, ಜ್ವರದ ಜೊತೆ ತೂತಿನಿಂದ ಕೀವು ಬಂದರೆ, ಆಪರೇಷನ್ ಮಾಡಿದ ಊರಿಗೆ ಹೊರಡುವ ಮೊದಲು ಹತ್ತಿರದ ಆಸ್ಪತ್ರೆಯಲ್ಲೇ ಎಕ್ಸ್‌ರೇ ತೆಗೆಸಿ. ಗಾಳಿ ತುಂಬಿದ್ದರೆ ಡ್ರೈನ್ ಅಲ್ಲೇ ಹಾಕಬಲ್ಲರು.